ಗ್ರೀಕ್ ತತ್ತ್ವಜ್ಞಾನಿಗಳ ಶಿಕ್ಷಣ: ಕ್ರೈಸ್ತರಾದ ನಾವು ಏನು ಇಟ್ಟುಕೊಳ್ಳೋಣ, ಏನು ಬಿಡೋಣ?

ಲೆಕ್ಕದ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ವಾರವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಭಾನುವಾರ ಸಂಡೇ ಸ್ಕೂಲಿನಲ್ಲಿ ಹತ್ತು ಹನ್ನೊಂದು ವರ್ಷದವರ ತರಗತಿ ನೋಡಿಕೊಳ್ಳುತ್ತೇನೆ. ಈಚೆಗೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಬರೆದ ‘ಮೆನೋ’ ಅನ್ನುವ ಸಂವಾದ ಓದಿದೆ. ಅದರಲ್ಲಿನ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಓದಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೆನೋ ಒಬ್ಬ ಶ್ರೀಮಂತ ಯುವಕ. ಒಳ್ಳೆಯತನವನ್ನು ಕಲಿಸಲು ಆಗುತ್ತಾ ಅಂತ ಪ್ಲೇಟೋನ ಗುರು ಸಾಕ್ರಟೀಸನನ್ನು ಕೇಳುತ್ತಾನೆ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕಲಿಯುವುದು ಅಂದರೆ ಹೊಸದೇನಲ್ಲ, ಆತ್ಮ ಹಿಂದೆ ಕಂಡದ್ದನ್ನೇ ಮತ್ತೆ ನೆನಪು ಮಾಡಿಕೊಳ್ಳುವುದು ಅನ್ನುತ್ತಾನೆ ಸಾಕ್ರಟೀಸ್. ತೋರಿಸು ಅಂದಾಗ, ಮೆನೋನ ಮನೆಯಲ್ಲೇ ಹುಟ್ಟಿದ ಒಬ್ಬ ಗುಲಾಮ ಹುಡುಗನನ್ನು ಹತ್ತಿರ ಕರೆಸಿ ಒಂದು ಚೌಕ ಬರೆಯುತ್ತಾನೆ. ಬದಿ ಎರಡು ಅಡಿ, ವಿಸ್ತೀರ್ಣ ನಾಲ್ಕು ಚದರ ಅಡಿ. ಇದರ ಎರಡರಷ್ಟು ದೊಡ್ಡ ಚೌಕ ಬೇಕು. ಬದಿ ಎಷ್ಟಿರಬೇಕು?

ನಾಲ್ಕು ಅನ್ನುತ್ತಾನೆ ಹುಡುಗ. ಬರೆದು ನೋಡಿದರೆ ಹದಿನಾರು ಬರುತ್ತದೆ. ಹಾಗಾದರೆ ಮೂರು. ಆಗ ಒಂಬತ್ತು. ಬೇಕಿದ್ದದ್ದು ಎಂಟು. ಇನ್ನು ನನಗೆ ಗೊತ್ತಿಲ್ಲ ಅಂತ ಹುಡುಗ ಒಪ್ಪಿಕೊಳ್ಳುತ್ತಾನೆ. ಆಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಾಗ, ಆ ಓರೆ ಗೆರೆಯ ಮೇಲೆ ಕಟ್ಟಿದ ಚೌಕವೇ ಎಂಟು ಅಂತ ಅವನಿಗೇ ಕಾಣುತ್ತದೆ.

ಇದನ್ನು ನನ್ನ ಹತ್ತಿರ ಲೆಕ್ಕಕ್ಕೆ ಬರುವ ಒಬ್ಬ ಹುಡುಗಿಯ ಜೊತೆ ಮಾಡಿ ನೋಡಿದೆ. ಅವಳೂ ಮೊದಲು ನಾಲ್ಕು ಅಂದಳು. ಆಮೇಲೆ ಮೂರು ಅಂದಳು. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಮಸಿಯಾಯಿತು. ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಳು. ನಾನೂ ಬಾಯಿ ಬಿಡಲಿಲ್ಲ. ಹೇಳಿಕೊಡದೆ ಕೂರುವುದು ಎಷ್ಟು ಕಷ್ಟ ಅಂತ ಪಾಠ ಹೇಳುವವರಿಗೆ ಗೊತ್ತು. ಒಂದೆರಡು ನಿಮಿಷ ಆದಮೇಲೆ ಸ್ಕೇಲನ್ನು ಓರೆಯಾಗಿ ಇಟ್ಟಳು. ಗೆರೆ ಎಳೆದು ತ್ರಿಕೋನ ಎಣಿಸಿದಳು. ಹಳೇ ಚೌಕದಲ್ಲಿ ಎರಡು, ಹೊಸದರಲ್ಲಿ ನಾಲ್ಕು. ತಲೆ ಎತ್ತಿ ನನ್ನ ಮುಖ ನೋಡಿದಳು. ಎರಡು ಸಾವಿರದ ನಾನೂರು ವರ್ಷದ ಹಿಂದಿನ ಪಾಠ ನನ್ನ ಮೇಜಿನ ಮೇಲೆ ನಡೆದುಹೋಯಿತು.

ಈಗ ನನ್ನ ತೊಂದರೆ ಕೇಳಿ. ಅದೇ ವಾರ ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗ ಎಫೆಸದವರಿಗೆ 4:32 ಒಂದಕ್ಷರ ತಪ್ಪದೆ ಒಪ್ಪಿಸಿದ. ಒಬ್ಬರಿಗೊಬ್ಬರು ದಯೆ ತೋರಿಸಿ, ಕ್ಷಮಿಸಿ ಅನ್ನುವ ವಚನ ಅದು. ಒಪ್ಪಿಸಿ ಕೂರುವಾಗ ಪಕ್ಕದವನ ಪುಸ್ತಕವನ್ನು ಬೇಕಂತಲೇ ಕಾಲಿನಿಂದ ತಳ್ಳಿದ. ಅರ್ಥ ಕೇಳಿದರೆ ಅದನ್ನೂ ಚೆನ್ನಾಗಿ ಹೇಳಿದ. ಗೊತ್ತಿದ್ದೂ ಯಾರೂ ತಪ್ಪು ಮಾಡುವುದಿಲ್ಲ ಅನ್ನುವುದು ಸಾಕ್ರಟೀಸನ ಮಾತು. ಹಾಗಾದರೆ ಈ ಹುಡುಗನಿಗೆ ಏನು ಗೊತ್ತಿಲ್ಲ?

ಗ್ರೀಕರು ಕಲಿಸುವ ರೀತಿ ನನಗೆ ತುಂಬಾ ಇಷ್ಟವಾಯಿತು. ಆದರೆ ಅವರು ಮನುಷ್ಯನ ಬಗ್ಗೆ ಹೇಳಿದ್ದು ಸಾಲದು ಅನ್ನಿಸುತ್ತಿದೆ. ನೀವೆಲ್ಲ ಏನನ್ನುತ್ತೀರಿ?

ಸಭಾಪಾಲಕ

ಮೇಷ್ಟ್ರೇ, ನಿಮ್ಮ ಬರಹ ಎರಡು ಸಲ ಓದಿದೆ. ನಿಮ್ಮ ಕಾಳಜಿ ಮನಸ್ಸಿಗೆ ತಟ್ಟಿತು. ಆದರೂ ಒಂದು ಎಚ್ಚರಿಕೆ ಹೇಳಬೇಕು ಅನ್ನಿಸಿತು.

ಕೊಲೊಸ್ಸೆಯವರಿಗೆ 2:8ರಲ್ಲಿ ತತ್ತ್ವಜ್ಞಾನದ ಪೊಳ್ಳು ಮಾತಿಗೆ ಸೆರೆಯಾಗಬೇಡಿ ಅಂತ ಪೌಲ ಬರೆಯುತ್ತಾನೆ. ಇದು ಸಣ್ಣ ಮಾತಲ್ಲ. ಓದಲು ಹೋದ ಎಷ್ಟೋ ಯುವಕರು ನನ್ನ ಕಣ್ಣೆದುರೇ ನಂಬಿಕೆ ಬಿಟ್ಟಿದ್ದಾರೆ. ಒಂದೇ ದಿನ ಬಿಡುವುದಿಲ್ಲ. ಮೊದಲು ಪ್ರಾರ್ಥನೆ ಚಿಕ್ಕದಾಗುತ್ತದೆ. ಆಮೇಲೆ ಸಭೆಗೆ ಬರುವವರನ್ನು ಕಂಡರೆ ಮನಸ್ಸಿನೊಳಗೆ ತಾತ್ಸಾರ ಹುಟ್ಟುತ್ತದೆ. ಕ್ರಿ.ಶ. 200ರ ಹೊತ್ತಿಗೇ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕೇಳಿದ್ದಾರೆ: ಅಥೇನೆಗೂ ಯೆರೂಸಲೇಮಿಗೂ ಏನು ಸಂಬಂಧ? ಗ್ರೀಕರ ವಿದ್ಯೆಗೂ ನಮ್ಮ ನಂಬಿಕೆಗೂ ಏನು ಸಂಬಂಧ ಅಂತ.

ನೀವು ಮೆಚ್ಚಿದ ಆ ಪಾಠದ ಅಡಿಪಾಯವನ್ನೇ ನೋಡಿ. ಆತ್ಮ ಈ ಹುಟ್ಟಿಗೆ ಮೊದಲೂ ಇತ್ತು, ಎಷ್ಟೋ ಸಲ ಹುಟ್ಟಿ ಬಂದಿದೆ, ಅದಕ್ಕೇ ಎಲ್ಲವೂ ಅದರೊಳಗಿದೆ ಅನ್ನುತ್ತಾನೆ ಪ್ಲೇಟೋ. ನಾವು ಹಾಗೆ ನಂಬುವುದಿಲ್ಲ. ಪ್ರತಿ ಮಗುವೂ ದೇವರು ಹೊಸದಾಗಿ ಉಂಟುಮಾಡಿದ ಜೀವ. ಅಡಿಪಾಯ ಬೇರೆಯಾದ ಮೇಲೆ ಗೋಡೆ ಮಾತ್ರ ನಮಗೆ ಹೊಂದುತ್ತದಾ?

ಗ್ರಂಥಾಲಯದ ಮೂಲೆ

ಪಾಸ್ಟರ್ ಅವರೇ, ನಿಮ್ಮ ಭಯ ನನಗೂ ಅರ್ಥವಾಗುತ್ತದೆ. ನಾನೂ ಆ ಯುವಕರ ಹಾಗೇ ಓದಲು ಹೋದವಳು, ಬಿಟ್ಟುಬಿಡುವ ಹಂತಕ್ಕೂ ಹೋಗಿದ್ದೆ. ಆದರೆ ಅದೇ ಪೌಲನನ್ನು ಅಪೊಸ್ತಲರ ಕೃತ್ಯಗಳು 17ರಲ್ಲಿ ನೋಡಿ. ಅಥೇನೆಯ ಚೌಕದಲ್ಲಿ ಎಪಿಕೂರಿಯರು, ಸ್ತೋಯಿಕರು ಅನ್ನುವ ಎರಡು ತತ್ತ್ವಪಂಥದವರ ಜೊತೆ ಮಾತಿಗೆ ನಿಲ್ಲುತ್ತಾನೆ. ಅರಿಯೊಪಾಗದಲ್ಲಿ ನಿಂತು ಅವರದೇ ಕವಿಯ ಸಾಲು ಹೇಳುತ್ತಾನೆ. ನಾವು ದೇವರ ಸಂತಾನ ಅನ್ನುವ ಆ ಸಾಲು ಅರಾಟಸನದು. ಅರಾಟಸ್ ಕಿಲಿಕ್ಯದವನು. ತಾರ್ಸದ ಪೌಲನೂ ಕಿಲಿಕ್ಯದವನೇ. ಒಂದೇ ಸೀಮೆಯ ಕವಿಯ ಸಾಲು ಪೌಲನ ನಾಲಿಗೆ ಮೇಲೇ ಇತ್ತು. ಕೆಟ್ಟ ಸಹವಾಸ ಒಳ್ಳೆಯ ನಡತೆಯನ್ನು ಕೆಡಿಸುತ್ತದೆ ಅಂತ ಕೊರಿಂಥದವರಿಗೆ ಬರೆದದ್ದೂ ಗ್ರೀಕ್ ನಾಟಕಕಾರ ಮೆನಾಂಡರನ ಸಾಲು. ಎಫೆಸದಲ್ಲಂತೂ ತುರನ್ನನ ತರ್ಕಶಾಲೆಯಲ್ಲೇ ಎರಡು ವರ್ಷ ದಿನಾ ಪಾಠ ಮಾಡಿದ.

ಕೊಲೊಸ್ಸೆಯ ವಚನದಲ್ಲೂ ಎಚ್ಚರಿಕೆ ಇರುವುದು ಕ್ರಿಸ್ತನನ್ನು ಬಿಟ್ಟು ಮನುಷ್ಯರ ಸಂಪ್ರದಾಯಕ್ಕೆ ಜೋತುಬಿದ್ದ ಜ್ಞಾನದ ಬಗ್ಗೆ. ಯೋಚನೆ ಮಾಡುವುದನ್ನೇ ಅವನು ಬೇಡ ಅನ್ನಲಿಲ್ಲ.

ಇನ್ನು ತೆರ್ತುಲ್ಲಿಯನ್. ವಿಗ್ರಹಾರಾಧನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವರೇ ಒಂದು ಸಂಗತಿ ಒಪ್ಪುತ್ತಾರೆ. ಕ್ರೈಸ್ತನು ಆ ಸಾಹಿತ್ಯದ ಮೇಷ್ಟ್ರಾಗುವುದು ಬೇಡ, ಆದರೆ ವಿದ್ಯಾರ್ಥಿಯಾಗಿ ಕಲಿಯದೆ ಬೇರೆ ದಾರಿ ಇಲ್ಲ ಅನ್ನುತ್ತಾರೆ. ಅಷ್ಟು ಗಟ್ಟಿ ಮನುಷ್ಯನೂ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

ಮುಚ್ಚಲು ನೋಡಿದವನು ರೋಮಿನ ಚಕ್ರವರ್ತಿ ಜೂಲಿಯನ್, ಕ್ರಿ.ಶ. 362ರಲ್ಲಿ. ಗ್ರೀಕ್ ಕವಿ ಹೋಮರನ ದೇವರುಗಳನ್ನು ನಂಬದ ಕ್ರೈಸ್ತರು ಹೋಮರನನ್ನು ಕಲಿಸಬಾರದು ಅಂತ ಆಜ್ಞೆ ಹೊರಡಿಸಿದ. ಆಗ ಕ್ರೈಸ್ತ ಮೇಷ್ಟ್ರುಗಳು ಸದ್ಯ, ಪೀಡೆ ತೊಲಗಿತು ಅಂದುಕೊಳ್ಳಲಿಲ್ಲ. ತುಂಬಾ ನೊಂದುಕೊಂಡರು. ನಮ್ಮ ಹಿರಿಯರಿಗೆ ಆ ವಿದ್ಯೆ ಪರಕೀಯ ಅನ್ನಿಸಿರಲಿಲ್ಲ.

ಬಡಗಿಯ ಮಗ

ನಾನು ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಮೇಷ್ಟ್ರ ಆ ಹುಡುಗನಿಗೆ ಪ್ಲೇಟೋಗಿಂತ ಅರಿಸ್ಟಾಟಲ್ ಹತ್ತಿರದವನು.

ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವವನಾಗುತ್ತಾನೆ, ಲೈರ್ ಅನ್ನುವ ತಂತಿವಾದ್ಯ ನುಡಿಸಿ ನುಡಿಸಿಯೇ ವಾದಕನಾಗುತ್ತಾನೆ, ಹಾಗೇ ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಅನ್ನುವುದು ಅವನ ಮಾತು. ವಚನ ಬಾಯಿಪಾಠ ಮಾಡಿದರೆ ದಯೆ ಬರುವುದಿಲ್ಲ. ವೈದ್ಯನ ಮಾತನ್ನು ಗಮನವಿಟ್ಟು ಕೇಳಿ ಔಷಧಿ ಮಾತ್ರ ತೆಗೆದುಕೊಳ್ಳದ ರೋಗಿಯ ಹೋಲಿಕೆಯನ್ನೂ ಅವನೇ ಕೊಡುತ್ತಾನೆ. ಯಾಕೋಬನ ಪತ್ರದಲ್ಲಿ ಕನ್ನಡಿ ನೋಡಿಕೊಂಡು ಹೋಗಿ ತನ್ನ ಮುಖವನ್ನೇ ಮರೆಯುವವನು ಇದ್ದಾನಲ್ಲ, ಅವನೇ ಇವನು!

ನನ್ನ ಅಪ್ಪ ಬಡಗಿ. ನನಗೆ ಉಜ್ಜುಗೊರಡು ಹಿಡಿಯಲು ಕಲಿಸಿದ್ದು ಮಾತಿನಿಂದಲ್ಲ. ನನ್ನ ಕೈ ಮೇಲೆ ತನ್ನ ಕೈ ಇಟ್ಟು ಒತ್ತುತ್ತಿದ್ದರು. ಮರದ ಎಳೆ ಯಾವ ಕಡೆ ಓಡುತ್ತದೋ ಆ ಕಡೆಗೇ ತಳ್ಳಬೇಕು, ಎದುರು ತಳ್ಳಿದರೆ ಸಿಬಿರು ಏಳುತ್ತದೆ. ಅದನ್ನು ನನ್ನ ಅಂಗೈ ಮೊದಲು ಕಲಿತಿತು, ತಲೆಗೆ ಗೊತ್ತಾದದ್ದು ಆಮೇಲೆ. ಅರಿಸ್ಟಾಟಲನನ್ನು ಮೊದಲ ಸಲ ಓದಿದಾಗ ಅಪ್ಪನ ಕೆಲಸದ ಮನೆಯ ವಾಸನೆಯೇ ಬಂದ ಹಾಗಾಯಿತು.

ಅದಕ್ಕೇ ಮುಂದಿನದು ಓದಿ ಜಾಸ್ತಿ ನೋವಾಯಿತು. ‘ಪಾಲಿಟಿಕ್ಸ್’ನಲ್ಲಿ ಅದೇ ಅರಿಸ್ಟಾಟಲ್, ಕೂಲಿಗೆ ಮಾಡುವ ಕೈಕೆಲಸ ಮನಸ್ಸನ್ನು ಕೀಳು ಮಾಡುತ್ತದೆ, ಅಂಥದ್ದನ್ನು ಸ್ವತಂತ್ರರ ಮಕ್ಕಳಿಗೆ ಕಲಿಸಬಾರದು ಅನ್ನುತ್ತಾನೆ. ಅವನ ಶಿಕ್ಷಣ ಬಿಡುವು ಇದ್ದವರಿಗೆ. ಸ್ಕೂಲ್ ಅನ್ನುವ ಪದವೇ ಬಿಡುವು ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತಲೂ ಬರೆದಿದ್ದಾನೆ. ನನ್ನ ಅಪ್ಪ ಅವನ ಶಾಲೆ ಲೈಸಿಯಮ್ಮಿನ ಬಾಗಿಲಲ್ಲಿ ಮರದ ಚೌಕಟ್ಟು ಕೂರಿಸಬಹುದಿತ್ತು, ಒಳಗೆ ಕೂತು ಪಾಠ ಕೇಳುವಂತಿರಲಿಲ್ಲ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಮಾರ್ಕ 6:3 ತೆಗೆದು ನೋಡಿದೆ. ಇವನು ಆ ಬಡಗಿ ಅಲ್ಲವೇ ಅಂತ ಜನ ಯೇಸು ಸ್ವಾಮಿಯ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಆ ಕೈ ಉಳಿ ಹಿಡಿದ ಕೈ. ಪೌಲ ಗುಡಾರ ಹೊಲಿದು ಊಟ ಸಂಪಾದಿಸಿದ. ಗುರು ಆದವನು ಕೈಕೆಲಸದವನೂ ಆಗಿರುವುದು ಆ ಗ್ರೀಕರಿಗೆ ಜೀರ್ಣವಾಗದ ಸಂಗತಿ. ನನಗೆ ಮಾತ್ರ ಅದೇ ಸುವಾರ್ತೆಯ ಮೊದಲ ಸಾಲಿನಷ್ಟು ದೊಡ್ಡದು.

ಎರಡು ಮಕ್ಕಳ ತಾಯಿ

ನಾನು ತತ್ತ್ವಶಾಸ್ತ್ರ ಓದಿದವಳಲ್ಲ. ಒಂದೇ ಒಂದು ಪುಸ್ತಕ ಓದಿದ್ದೇನೆ, ಸ್ತೋಯಿಕ ಪಂಥದ ಎಪಿಕ್ಟೀಟಸನ ಕೈಪಿಡಿ. ಅದೂ ಆಸ್ಪತ್ರೆಯ ಕಾರಿಡಾರಿನಲ್ಲಿ.

ಚಿಕ್ಕವನಿಗೆ ಆಗ ಮೂರು ವರ್ಷ. ಒಂಬತ್ತು ದಿನ ಐಸಿಯುನಲ್ಲಿದ್ದ. ಒಬ್ಬ ಗೆಳತಿ ಈ ಪುಸ್ತಕ ಕೊಟ್ಟಳು. ಯಾವುದು ನಿನ್ನ ಕೈಯಲ್ಲಿದೆ, ಯಾವುದು ಇಲ್ಲ, ಮೊದಲು ಅದನ್ನು ಬೇರೆ ಮಾಡು ಅನ್ನುವುದು ಅದರ ಮೊದಲ ಪಾಠ. ಆ ದಿನಗಳಲ್ಲಿ ಅದು ನನ್ನನ್ನು ನಿಲ್ಲಿಸಿತು. ಔಷಧಿ ತರುವುದು, ದೊಡ್ಡವಳಿಗೆ ಫೋನ್ ಮಾಡುವುದು, ಎರಡು ತುತ್ತು ತಿನ್ನುವುದು ನನ್ನ ಕೈಯಲ್ಲಿತ್ತು. ಮಾನಿಟರಿನ ಅಂಕಿ ನನ್ನ ಕೈಯಲ್ಲಿರಲಿಲ್ಲ. ಈ ಪಾಠ ಹೇಳಿದವನು ಸ್ವತಃ ಗುಲಾಮನಾಗಿದ್ದವನು ಅಂತ ಆಮೇಲೆ ತಿಳಿಯಿತು. ಸುಮ್ನೆ ಕೂತು ಹೇಳಿದ ಮಾತಲ್ಲ ಅದು, ಅನುಭವಿಸಿದವನ ಮಾತು. ಅವನಿಗೆ ನಾನು ಋಣಿ.

ಆದರೆ ಮೂರನೇ ಪಾಠಕ್ಕೆ ಬಂದೆ. ನಿನ್ನ ಮಗುವಿಗೆ ಮುತ್ತು ಕೊಡುವಾಗ, ಸಾಯುವ ಒಂದು ಜೀವಕ್ಕೆ ಮುತ್ತು ಕೊಡುತ್ತಿದ್ದೇನೆ ಅಂತ ಹೇಳಿಕೋ. ಆಗ ಅದು ಸತ್ತರೂ ನೀನು ಕದಲುವುದಿಲ್ಲ. ಓದಿ ಪುಸ್ತಕ ಮಡಚಿಟ್ಟೆ. ನನಗೆ ಹಾಗಾಗುವುದು ಬೇಡವಾಗಿತ್ತು. ಕದಲದ ತಾಯಿ ಆಗುವುದಕ್ಕೆ ಕಲಿಸುವ ಶಿಕ್ಷಣ ನನಗೆ ಬೇಡ ಅನ್ನಿಸಿತು.

ಆ ರಾತ್ರಿ ಯೋಹಾನ 11 ಓದಿದೆ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಸ್ವಾಮಿ ಸಮಾಧಿಯ ಹತ್ತಿರ ಕಣ್ಣೀರಿಟ್ಟರು. ಸ್ತೋಯಿಕ ಗುರು ಇದನ್ನು ನೋಡಿದ್ದರೆ ಈ ವಿದ್ಯಾರ್ಥಿ ಪಾಸಾಗಲಿಲ್ಲ ಅನ್ನುತ್ತಿದ್ದ. ನನಗಂತೂ ಅವತ್ತು ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಬಂದು ಕೂತ ಹಾಗಾಯಿತು.

ಮಗ ಈಗ ಚೆನ್ನಾಗಿದ್ದಾನೆ. ಕೈಪಿಡಿ ಇನ್ನೂ ನನ್ನ ಹತ್ತಿರ ಇದೆ. ಮೊದಲ ಪಾಠಕ್ಕೆ ಗೆರೆ ಹಾಕಿದ್ದೇನೆ. ಮೂರನೆಯದರ ಪಕ್ಕದಲ್ಲಿ ಯೋಹಾನ 11:35 ಅಂತ ಬರೆದಿಟ್ಟಿದ್ದೇನೆ.

ಬಡಗಿಯ ಮಗ

ಅಕ್ಕ, ಇದನ್ನು ಬರೆದದ್ದಕ್ಕೆ ವಂದನೆ. ನಾನು ಅರಿಸ್ಟಾಟಲ್ ಬಗ್ಗೆ ಬರೆದದ್ದೆಲ್ಲ ಇದರ ಮುಂದೆ ಚಿಕ್ಕದು.

ಹೊರಗಿನವ

ನಾನು ಕ್ರೈಸ್ತನಲ್ಲ. ಈ ಚರ್ಚೆ ಮನಸ್ಸಿಟ್ಟು ಓದುತ್ತಿದ್ದೇನೆ, ಹಾಗಾಗಿ ಮನಸ್ಸು ಬಿಚ್ಚಿಯೇ ಕೇಳುತ್ತೇನೆ. ತಪ್ಪು ತಿಳಿಯಬೇಡಿ.

ಗ್ರೀಕರ ಶಾಲೆಯಲ್ಲಿ ಗುಲಾಮನಿಗೆ ಜಾಗವಿರಲಿಲ್ಲ ಅನ್ನುತ್ತೀರಿ. ಸರಿ. ಆದರೆ ಕ್ರೈಸ್ತ ದೇಶಗಳಲ್ಲಿ ನೂರಾರು ವರ್ಷ ಗುಲಾಮಗಿರಿ ಇರಲಿಲ್ಲವಾ? ಬೈಬಲ್ ಕೈಯಲ್ಲಿ ಹಿಡಿದೇ ಅದನ್ನು ಸಮರ್ಥಿಸಿದವರಿರಲಿಲ್ಲವಾ? ಎಪಿಕೂರಸ್ ಪಾಠ ಹೇಳುತ್ತಿದ್ದ ತೋಟಕ್ಕೆ ಹೆಂಗಸರೂ ಗುಲಾಮರೂ ಬರುತ್ತಿದ್ದರು, ಅದೂ ಕ್ರಿಸ್ತನಿಗಿಂತ ಮುನ್ನೂರು ವರ್ಷ ಮೊದಲು. ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ಹೆಣ್ಣುಮಕ್ಕಳಿಗೂ ಅದೇ ಶಿಕ್ಷಣ ಕೊಡಬೇಕು ಅಂದ. ತಿಳಿವಳಿಕೆ ಸಾಲದು, ಹೃದಯ ಬದಲಾಗಬೇಕು ಅನ್ನುವುದು ನಿಮ್ಮ ವಾದ. ಹೃದಯ ಬದಲಾಯಿತು ಅಂದುಕೊಂಡವರ ಶಾಲೆಗಳಲ್ಲಿ ಮಕ್ಕಳ ಬೆನ್ನಿಗೆ ಬೆತ್ತ ಬಿದ್ದದ್ದು ಕಮ್ಮಿಯೇನಲ್ಲ, ಅಲ್ವಾ?

ಲೆಕ್ಕದ ಮೇಷ್ಟ್ರು

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಎರಡು ದಿನ ಯೋಚಿಸಿದೆ. ನೀವು ಹೇಳಿದ ಸಂಗತಿಗಳೆಲ್ಲ ನಿಜ. ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಬೆತ್ತದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ರೋಮಿನ ಮೇಷ್ಟ್ರು ಕ್ವಿಂಟಿಲಿಯನ್ ಮೊದಲ ಶತಮಾನದಲ್ಲೇ ಮಕ್ಕಳನ್ನು ಹೊಡೆಯುವುದು ಅವಮಾನ, ಅದು ಗುಲಾಮರಿಗೆ ಕೊಡುವ ಶಿಕ್ಷೆ, ಮೇಷ್ಟ್ರು ಸರಿಯಾಗಿ ನೋಡಿಕೊಂಡರೆ ಅದರ ಅಗತ್ಯವೇ ಬೀಳುವುದಿಲ್ಲ ಅಂತ ಬರೆದ. ಅವನು ಕ್ರೈಸ್ತನಲ್ಲ. ಎಷ್ಟೋ ಕ್ರೈಸ್ತ ಮೇಷ್ಟ್ರುಗಳು ಅವನಿಗಿಂತ ಹಿಂದೆ ಇದ್ದರು. ಇದು ನಮಗೆ ನಾಚಿಕೆಯ ಸಂಗತಿ. ಆದರೆ ಅವನ ಕಾರಣವನ್ನೂ ಗಮನಿಸಿ. ಗುಲಾಮನಿಗೆ ಬೀಳುವ ಏಟಿನ ಬಗ್ಗೆ ಅವನಿಗೆ ತಕರಾರಿರಲಿಲ್ಲ.

ಶಾಲೆಯ ಏಟನ್ನು ಒಳಗಿನಿಂದ ಬರೆದವರು ಬಿಷಪ್ ಅಗಸ್ಟೀನ್. ತಮ್ಮ ಬದುಕಿನ ಕಥೆ ‘ಕನ್ಫೆಷನ್ಸ್’ನಲ್ಲಿ ಹೇಳುತ್ತಾರೆ: ಚಿಕ್ಕವನಾಗಿದ್ದಾಗ ನಾನು ದೇವರಿಗೆ ಮಾಡಿದ ಮೊದಮೊದಲ ಪ್ರಾರ್ಥನೆ, ಶಾಲೆಯಲ್ಲಿ ಏಟು ಬೀಳದಿರಲಿ ಅಂತ. ಅಪ್ಪ ಅಮ್ಮನೂ ಅದನ್ನು ಕೇಳಿ ನಗುತ್ತಿದ್ದರಂತೆ. ಮೇಷ್ಟ್ರಾಗಿ ಆ ಪುಟ ಓದುವಾಗ ನನಗೆ ಕೈ ನಡುಗಿತು. ನನ್ನ ತರಗತಿಗೆ ಬರುವ ಮುಂಚೆ ಯಾವ ಮಗುವಾದರೂ ಹಾಗೆ ಪ್ರಾರ್ಥಿಸಿರಬಹುದಾ ಅಂತ.

ಅದೇ ಪುಸ್ತಕದಲ್ಲಿ ನನ್ನ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಿತು. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಅಗಸ್ಟೀನ್ ಪಕ್ಕದ ಮರದಿಂದ ಪೇರ್ ಹಣ್ಣು ಕದ್ದರು. ಹಸಿವಿರಲಿಲ್ಲ. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಯಾಕೆ ಕದ್ದೆ? ಮಾಡಬಾರದು ಅನ್ನುವುದೇ ಖುಷಿ ಕೊಟ್ಟಿತು, ಅದಕ್ಕೆ. ಈ ಹುಡುಗನಿಗೆ ವಿದ್ಯೆ ಕಮ್ಮಿ ಇರಲಿಲ್ಲ. ಆ ಕಾಲದ ಒಳ್ಳೆಯ ಲ್ಯಾಟಿನ್ ಶಿಕ್ಷಣ ಅವನಿಗೆ ಸಿಕ್ಕಿತ್ತು. ಕಳ್ಳತನ ತಪ್ಪು ಅಂತ ಪಕ್ಕಾ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ರುಚಿಸಿತು! ಸಾಕ್ರಟೀಸ್ ಆ ಮರದ ಕೆಳಗೆ ಎಷ್ಟು ಪ್ರಶ್ನೆ ಕೇಳಿದ್ದರೂ ಪ್ರಯೋಜನವಿರಲಿಲ್ಲ. ಹುಡುಗನ ಉತ್ತರಗಳೆಲ್ಲ ಸರಿಯಾಗೇ ಇರುತ್ತಿದ್ದವು. ನನ್ನ ಸಂಡೇ ಸ್ಕೂಲ್ ಹುಡುಗನ ಉತ್ತರದ ಹಾಗೆ.

ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡುವುದಿಲ್ಲ, ಬೇಡವೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ರೋಮಾಪುರದವರಿಗೆ 7ರಲ್ಲಿ ಪೌಲ ಅಳುತ್ತಾನೆ. ಅರಿಸ್ಟಾಟಲನೂ ಇದನ್ನು ಗಮನಿಸಿದ್ದ, ಸಾಕ್ರಟೀಸನ ಮಾತು ಕಣ್ಣಿಗೆ ಕಾಣುವುದಕ್ಕೆ ವಿರುದ್ಧ ಅಂದಿದ್ದ. ಆದರೆ ಅವನ ಮದ್ದು ಚಿಕ್ಕಂದಿನ ಅಭ್ಯಾಸ. ಚಿಕ್ಕಂದಿನಲ್ಲೇ ಅಭ್ಯಾಸ ಕೆಟ್ಟುಹೋದವನ ಗತಿ ಏನು? ಅಲ್ಲಿ ಅವನ ಹತ್ತಿರ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ನನ್ನ ಸಮಸ್ಯೆ ಇದೇ, ಸರ್. ಈ ತತ್ತ್ವಗಳಲ್ಲಿ ಶಿಕ್ಷಣವೇ ರಕ್ಷಣೆ. ಕಲಿತವನು ಪ್ಲೇಟೋ ಹೇಳುವ ಅಜ್ಞಾನದ ಗುಹೆಯಿಂದ ಹೊರಗೆ ಬರುತ್ತಾನೆ, ಕಲಿಯಲಾರದವನು ಒಳಗೇ ಉಳಿಯುತ್ತಾನೆ. ಅಷ್ಟು ದೊಡ್ಡ ಭಾರವನ್ನು ಶಾಲೆಯ ಮೇಲೆ ಹೊರಿಸಿದರೆ ಶಾಲೆ ಮುರಿಯುತ್ತದೆ. ಅದಕ್ಕಿಂತ ಮೊದಲು ಕಲಿಯಲಾರದ ಮಗು ಮುರಿಯುತ್ತದೆ.

ಕ್ರೈಸ್ತರು ಒಳ್ಳೆಯವರಾದರು, ಗ್ರೀಕರು ಆಗಲಿಲ್ಲ ಅಂತ ನಾನು ಹೇಳಲಾರೆ. ಅದೇ ರೋಗ ನಮಗೂ ಇದೆ ಅನ್ನುವುದೇ ನಮ್ಮ ಬೋಧನೆ. ಬೈಬಲ್ ಬಾಯಿಪಾಠ ಬಂದವನೂ ಗುಲಾಮನನ್ನು ಇಟ್ಟುಕೊಳ್ಳಬಲ್ಲ. ಹಾಗೇ ಆಯಿತು ಕೂಡ. ಆದರೆ ಆ ಬೈಬಲ್ ಅವನನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ನಾಲ್ಕನೇ ಶತಮಾನದಲ್ಲಿ ನಿಸ್ಸದ ಬಿಷಪ್ ಗ್ರೆಗರಿ ಪ್ರಸಂಗಿ ಗ್ರಂಥದ ಮೇಲೆ ಬೋಧಿಸುವಾಗ, ಗುಲಾಮರನ್ನು ಕೊಂಡೆ ಅನ್ನುವ ಮಾತಿಗೆ ಬಂದು ನಿಂತುಬಿಡುತ್ತಾರೆ. ದೇವರ ಸ್ವರೂಪಕ್ಕೆ ಎಷ್ಟು ಬೆಲೆ ಕಟ್ಟಿದೆ ಅಂತ ಯಜಮಾನನನ್ನು ಕೇಳುತ್ತಾರೆ. ಆ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ ನಮ್ಮವರಿಗೆ ಅಷ್ಟೊಂದು ಶತಮಾನ ಬೇಕಾಯಿತು ಅನ್ನುವುದು ನನಗೂ ನೋವಿನ ಸಂಗತಿ.

ಎಪಿಕೂರಸನ ತೋಟದ ವಿಷಯ ನೀವು ಹೇಳಿದ್ದು ನ್ಯಾಯವಾಗಿದೆ. ಆ ಬಾಗಿಲು ತೆರೆದಿತ್ತು, ನಿಜಕ್ಕೂ.

ಸಭಾಪಾಲಕ

ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ತಂಗಿ ಹೇಳಿದ ತುರನ್ನನ ತರ್ಕಶಾಲೆಯ ವಚನವನ್ನು ನಾನು ಎಷ್ಟೋ ಸಲ ಓದಿದ್ದರೂ ಹಾಗೆ ನೋಡಿರಲಿಲ್ಲ.

ಅಗಸ್ಟೀನರ ಒಂದು ಹೋಲಿಕೆ ಎಲ್ಲರಿಗೂ ಗೊತ್ತಿರಬಹುದು. ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವಾಗ ಅಲ್ಲಿಯವರ ಬೆಳ್ಳಿ ಬಂಗಾರ ಕೇಳಿ ತಂದರು. ಹಾಗೇ ಗ್ರೀಕರಲ್ಲಿ ಸತ್ಯ ಎಲ್ಲಿದ್ದರೂ ಅದನ್ನು ತಂದು ದೇವರ ಕೆಲಸಕ್ಕೆ ಬಳಸಿ ಅನ್ನುತ್ತಾರೆ. ಒಳ್ಳೆಯ ಮಾತು. ಆದರೆ ವಿಮೋಚನಕಾಂಡವನ್ನು ಮುಂದಕ್ಕೆ ಓದಿ. ಮೂವತ್ತೆರಡನೇ ಅಧ್ಯಾಯದಲ್ಲಿ, ಮೋಶೆ ಬೆಟ್ಟದ ಮೇಲಿದ್ದಾಗ, ಜನ ಕಿವಿಯ ಓಲೆ ಬಿಚ್ಚಿ ಕೊಟ್ಟರು, ಪೂಜೆಗೆ ಬಸವ ಎರಕವಾಯಿತು. ಮೂವತ್ತೈದರಲ್ಲಿ ಮತ್ತೆ ಓಲೆ, ಉಂಗುರ ತಂದರು, ದೇವರ ಗುಡಾರದ ಕೆಲಸಕ್ಕಾಯಿತು. ಐಗುಪ್ತದಿಂದ ಹೊತ್ತು ತಂದ ಬಂಗಾರ ಎರಡು ಕಡೆಗೂ ಹೋಯಿತು. ಬಂಗಾರ ತರಬೇಡಿ ಅಂತ ನಾನಿನ್ನು ಹೇಳುವುದಿಲ್ಲ. ಕರಗಿಸುವಾಗ ಮೋಶೆ ಎಲ್ಲಿದ್ದಾನೆ ಅಂತ ನೋಡಿಕೊಳ್ಳಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಗ್ರಂಥಾಲಯದ ಮೂಲೆ

ಪಾಸ್ಟರ್ ಅವರೇ, ಈ ಮಾತನ್ನು ನಾನು ಮರೆಯುವುದಿಲ್ಲ.

ಒಂದು ಕಥೆ ಸೇರಿಸುತ್ತೇನೆ, ಎರಡನೇ ಶತಮಾನದ ಜಸ್ಟಿನ್ ಅವರೇ ಬರೆದುಕೊಂಡದ್ದು. ದೇವರನ್ನು ತಿಳಿಯಬೇಕು ಅಂತ ಒಬ್ಬ ಸ್ತೋಯಿಕ ಗುರುವಿನ ಹತ್ತಿರ ಹೋದರು. ದೇವರ ವಿಷಯ ಅವನಿಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅರಿಸ್ಟಾಟಲ್ ಪಂಥದವನ ಹತ್ತಿರ ಹೋದರೆ ಕೆಲವೇ ದಿನಕ್ಕೆ ಫೀಸಿನ ಮಾತು ಎತ್ತಿದ. ಪೈಥಾಗೊರಸ್ ಪಂಥದವನು ಮೊದಲು ಸಂಗೀತ, ಖಗೋಳ, ಜ್ಯಾಮಿತಿ ಕಲಿತು ಬಾ ಅಂತ ಕಳಿಸಿಬಿಟ್ಟ. ಪ್ಲೇಟೋ ಪಂಥದಲ್ಲಿ ಸ್ವಲ್ಪ ಸಮಾಧಾನ ಸಿಕ್ಕಿತು. ಕೊನೆಗೆ ಸಮುದ್ರದ ಹತ್ತಿರ ಒಂಟಿಯಾಗಿ ನಡೆಯುತ್ತಿದ್ದಾಗ ಒಬ್ಬ ಮುದುಕ ಸಿಕ್ಕಿ ಪ್ರವಾದಿಗಳ ಬಗ್ಗೆ ಹೇಳಿದ. ಫೀಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಆಮೇಲೂ ಜಸ್ಟಿನ್ ತತ್ತ್ವಜ್ಞಾನಿಯ ಮೇಲುಹೊದಿಕೆ ತೆಗೆಯಲಿಲ್ಲ. ಅದನ್ನು ಹೊದ್ದೇ ಕ್ರಿಸ್ತನ ಬಗ್ಗೆ ಮಾತಾಡಿದರು, ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು.

‘ರಿಪಬ್ಲಿಕ್’ನಲ್ಲಿ ಪ್ಲೇಟೋ ಹೇಳುವ ರಾಜ್ಯದ ಲೆಕ್ಕ ನೋಡಿ. ಗಣಿತವೆಲ್ಲ ಆಗಿ, ಆಯ್ದವರಿಗೆ ಮಾತ್ರ ಮೂವತ್ತರಿಂದ ಮೂವತ್ತೈದರವರೆಗೆ ತರ್ಕ, ಆಮೇಲೆ ಹದಿನೈದು ವರ್ಷ ಕೆಲಸ. ಐವತ್ತು ತುಂಬಿದ ಮೇಲೆ ಒಳ್ಳೆಯದು ಅಂದರೆ ಏನೆಂದು ಕಾಣುತ್ತಾರೆ. ಧರ್ಮೋಪದೇಶಕಾಂಡ 6ರಲ್ಲಿ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ. ಎಲ್ಲಾ ಮಕ್ಕಳಿಗೂ. ಮೊದಲ ದಿನವೇ.

ಬಡಗಿಯ ಮಗ

ಮೇಷ್ಟ್ರೇ, ಆ ಹುಡುಗ ಏನಾದ? ಪುಸ್ತಕ ತಳ್ಳಿದವನು. ನನ್ನ ಮಾತು ಕೇಳಿದರೆ, ಅವನ ಕೈಗೆ ಏನಾದರೂ ಕೆಲಸ ಕೊಟ್ಟು ನೋಡಿ.

ಲೆಕ್ಕದ ಮೇಷ್ಟ್ರು

ಕೊಟ್ಟೆ ತಮ್ಮಾ. ನಿಮ್ಮ ಅರಿಸ್ಟಾಟಲನ ಮಾತು ಕೇಳಿಯೇ ಕೊಟ್ಟೆ. ಪ್ರತಿ ಭಾನುವಾರ ಎಲ್ಲರಿಗೂ ಬೈಬಲ್ ಹಂಚುವುದು, ಮುಗಿದ ಮೇಲೆ ಜೋಡಿಸಿಡುವುದು ಅವನ ಕೆಲಸ. ಮೊದಲ ವಾರ ಬೀಸಾಕಿದ ಹಾಗೆ ಹಂಚಿದ. ಎರಡನೇ ವಾರ ಪರವಾಗಿರಲಿಲ್ಲ. ಮೂರನೇ ವಾರ ಹರಿದ ರಟ್ಟು ಇರುವುದನ್ನು ಯಾರಿಗೆ ಕೊಡುವುದು ಅಂತ ಸ್ವಲ್ಪ ಹೊತ್ತು ನಿಂತ. ಕೊನೆಗೆ ತಾನೇ ಇಟ್ಟುಕೊಂಡ. ನಾನು ಏನೂ ಹೇಳಲಿಲ್ಲ. ನಾಲ್ಕನೇ ವಾರ ಮತ್ತೆ ಪಕ್ಕದವನ ಜೊತೆ ಜಗಳ ಆಡಿದ. ನಾನು ಅವನಿಗಾಗಿ ಪ್ರಾರ್ಥಿಸುತ್ತಿದ್ದೇನೆ. ಕೆಲಸವನ್ನೂ ತಪ್ಪಿಸಿಲ್ಲ.

ಅಗಸ್ಟೀನರ ಇನ್ನೊಂದು ಚಿಕ್ಕ ಪುಸ್ತಕ ಈಗ ಓದುತ್ತಿದ್ದೇನೆ, ಹೊಸಬರಿಗೆ ನಂಬಿಕೆಯ ಪಾಠ ಹೇಗೆ ಹೇಳಬೇಕು ಅನ್ನುವುದರ ಬಗ್ಗೆ. ಪಾಠ ಹೇಳಿ ಹೇಳಿ ಬೇಸತ್ತ ಒಬ್ಬ ಡೀಕನ್‌ಗೆ ಬರೆದದ್ದು. ಅಲ್ಲಿ ಒಂದು ಮಾತು ಬರುತ್ತದೆ. ಕೇಳುವವನು ಆಕಳಿಸಿದರೆ ಬೈಯಬೇಡ, ನಿಂತು ನಿಂತು ಕಾಲು ನೋಯುತ್ತಿರಬಹುದು, ಕೂರಲು ಏನಾದರೂ ಕೊಡು. ಸಾಧ್ಯವಾದರೆ ಮೊದಲಿಂದಲೇ ಕೂರಿಸು. ನಿಸ್ಸದ ಗ್ರೆಗರಿಯ ದೊಡ್ಡ ಪ್ರಶ್ನೆಯಷ್ಟೇ ಈ ಕುರ್ಚಿಯ ಮಾತೂ ನನ್ನನ್ನು ಹಿಡಿದಿದೆ. ನಮ್ಮ ತರಗತಿಯಲ್ಲಿ ಒಬ್ಬಳಿಗೆ ಚಾಪೆ ಮೇಲೆ ಕೂರುವುದು ಕಷ್ಟ. ಎರಡು ವರ್ಷದಿಂದ ಅವಳು ಗೋಡೆಗೆ ಒರಗಿ ನಿಲ್ಲುವುದನ್ನು ನೋಡಿದ್ದೆ, ಗಮನಿಸಿರಲಿಲ್ಲ. ಹೋದ ವಾರ ಅವಳಿಗೊಂದು ಸ್ಟೂಲ್ ತಂದಿಟ್ಟೆ.

ಅವತ್ತೇ ಮಕ್ಕಳಿಗೆ ಚೌಕದ ಕಥೆ ಹೇಳಿದೆ. ಎಲ್ಲರೂ ಹಾಳೆ ತೆಗೆದು ಗೆರೆ ಎಳೆದರು. ನಾಲ್ಕು ಅಂದರು, ಮೂರು ಅಂದರು. ಕೊನೆಗೆ ಸ್ಟೂಲಿನ ಮೇಲೆ ಕೂತವಳು ಕೈ ಎತ್ತಿದಳು. ಉತ್ತರ ಹೇಳುತ್ತಾಳೆ ಅಂದುಕೊಂಡೆ.

‘ಸರ್, ಆ ಹುಡುಗನ ಹೆಸರೇನು?’

ಮನೆಗೆ ಬಂದು ‘ಮೆನೋ’ವನ್ನು ಮತ್ತೆ ಮೊದಲಿಂದ ಕೊನೆಯವರೆಗೆ ಹುಡುಕಿದೆ. ಯಜಮಾನನ ಹೆಸರಿದೆ. ಸಾಕ್ರಟೀಸನ ಮೇಲೆ ಸಿಟ್ಟಾಗುವ ಅನಿಟಸನ ಹೆಸರಿದೆ. ಹುಡುಗನ ಹೆಸರಿಲ್ಲ. ಆ ಲೆಕ್ಕದ ಚರ್ಚೆ ಮುಗಿದ ಮೇಲೆ ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಬೆಳಿಗ್ಗೆ ಯಾರ ಗುಲಾಮನಾಗಿದ್ದನೋ ಸಂಜೆಯೂ ಅವನದೇ ಗುಲಾಮ.

ಈ ಭಾನುವಾರ ಅವಳಿಗೆ ಅದನ್ನೇ ಹೇಳುತ್ತೇನೆ. ಆಮೇಲೆ ಎಲ್ಲರೂ ಸೇರಿ ಫಿಲೆಮೋನನಿಗೆ ಬರೆದ ಪತ್ರ ಓದುತ್ತೇವೆ. ಒಂದೇ ಅಧ್ಯಾಯ, 25 ವಚನ. ಅಲ್ಲೂ ಒಬ್ಬ ಗುಲಾಮ ಇದ್ದಾನೆ. ಅವನ ಹೆಸರು ಹತ್ತನೇ ವಚನದಲ್ಲಿ ಬರುತ್ತದೆ. ಅದನ್ನು ಅವಳ ಕೈಯಲ್ಲೇ ಓದಿಸುತ್ತೇನೆ.